ಬಹುಮಾನಕ್ಕಿಂತ ದುಬಾರಿಯಾದ ತಿದ್ದುಪಡಿ

ಗ್ರಹಣವು ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಪಂಚಾಂಗ ಮುಂಚಿತವಾಗಿಯೇ ತಿಳಿಸುತ್ತದೆ. ಹೀಗಿರುವಾಗ ಗ್ರಹಗಳ ಚಲನೆಯಲ್ಲೂ ಲೆಕ್ಕಕ್ಕೆ ನಿಲುಕದ ಸಂಗತಿಯೊಂದಿದೆ ಎಂದರೆ ನಂಬುವಿರಾ? ನ್ಯೂಟನ್ನನ ನಿಯಮದಿಂದ ಸೂರ್ಯ ಮತ್ತು ಒಂದೇ ಗ್ರಹದ ಪಥವನ್ನು ನಿಖರವಾಗಿ ನಿರ್ಣಯಿಸಬಹುದು. ಮೂರನೆಯ ಕಾಯವೊಂದು ಸೇರಿತೋ, ಪ್ರತಿಯೊಂದೂ ಉಳಿದೆರಡನ್ನು ಸೆಳೆಯುವುದರಿಂದ ಲೆಕ್ಕ ತೊಡಕಾಗುತ್ತದೆ. ಸೌರವ್ಯೂಹ ಎಂದೆಂದಿಗೂ ಹೀಗೆಯೇ ಇರುವುದೇ ಎಂಬ ಪ್ರಶ್ನೆ ಅಡಗಿರುವುದು ಇಲ್ಲಿಯೇ.

ಸ್ವೀಡನ್ ಮತ್ತು ನಾರ್ವೆಯ ದೊರೆ ಎರಡನೆಯ ಆಸ್ಕರನ 60ನೆಯ ಹುಟ್ಟುಹಬ್ಬದ ಸಲುವಾಗಿ 1885ರಲ್ಲಿ ಗಣಿತ ಸ್ಪರ್ಧೆಯೊಂದನ್ನು ಸಾರಲಾಯಿತು. ಮೂರು ಕಾಯಗಳ ಒಂದು ಸರಳ ಸಂದರ್ಭವನ್ನು ಕುರಿತು ಪ್ರಬಂಧ ಬರೆದ ಫ್ರಾನ್ಸಿನ ಆನ್ರಿ ಪ್ವಾಂಕರೆಗೆ 1889ರ ಜನವರಿಯಲ್ಲಿ ಚಿನ್ನದ ಪದಕ ಮತ್ತು 2500 ಕ್ರೋನರ್ ಬಹುಮಾನ ದೊರೆಯಿತು. ಆ ಚಲನೆ ಸ್ಥಿರವಾದುದೆಂದು ಪ್ರಬಂಧ ವಾದಿಸಿತ್ತು. ಅದನ್ನು ಅಚ್ಚಿಗೆ ಸಿದ್ಧಗೊಳಿಸುತ್ತಿದ್ದ ಯುವ ಗಣಿತಜ್ಞ ಫ್ರಾಗ್ಮೆನ್, ಅಸ್ಪಷ್ಟವಾಗಿದ್ದ ಕೆಲವೆಡೆ ವಿವರಣೆ ಕೇಳಿದ. ಉತ್ತರಿಸಲು ಕುಳಿತ ಪ್ವಾಂಕರೆಗೆ ಬೇರೊಂದು ಕಡೆ ಗಂಭೀರ ದೋಷವೇ ಕಂಡಿತು! ತೀರ್ಪುಗಾರರಾಗಿದ್ದ ಯುರೋಪಿನ ಅತಿರಥರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಆತ ಮುಚ್ಚಿಡಲಿಲ್ಲ, ಡಿಸೆಂಬರಿನಲ್ಲಿ ಸಂಪಾದಕ ಮಿತ್ತಾಗ್-ಲೆಫ್ಲರನಿಗೆ ಪತ್ರ ಬರೆದು ತಿಳಿಸಿದ. ಸಂಪಾದಕನಾದರೋ, ಹಂಚಿಹೋಗಿದ್ದ ಪ್ರತಿಗಳನ್ನು ಸದ್ದಿಲ್ಲದೆ ಹಿಂದಕ್ಕೆ ತರಿಸಿಕೊಂಡ. ಪತ್ರಿಕೆಯ ಮಾನ ಉಳಿಸುವ ಈ ಗುಟ್ಟು ನನಗೇನೋ ಹಿಡಿಸುವುದಿಲ್ಲ. ವ್ಯರ್ಥವಾದ ಮುದ್ರಣದ ವೆಚ್ಚ 3585 ಕ್ರೋನರಿಗೂ ತುಸು ಹೆಚ್ಚು. ಬಹುಮಾನವನ್ನು ಮೀರಿದ ಈ ಮೊತ್ತವನ್ನು ಪ್ವಾಂಕರೆಯೇ ತೆತ್ತ.

ಆದರೆ 1890ರಲ್ಲಿ ಪ್ರಕಟವಾದ ತಿದ್ದಿದ ಪ್ರಬಂಧದಲ್ಲಿಯೇ ಹೊಸ ಶಾಸ್ತ್ರವೊಂದರ ಬೀಜವಿತ್ತು. ನಯವಾಗಿ ಕೂಡಿಕೊಳ್ಳುವುವೆಂದು ಆತ ಮೊದಲು ತಿಳಿದಿದ್ದ ರೇಖೆಗಳು ನಿಜವಾಗಿ ಒಂದನ್ನೊಂದು ಲೆಕ್ಕವಿಲ್ಲದಷ್ಟು ಬಾರಿ ಕತ್ತರಿಸುತ್ತಿದ್ದವು. ನಿಯಮ ಖಚಿತವಾದದ್ದೇ, ಆದರೂ ಆರಂಭದ ಕೂದಲೆಳೆಯ ವ್ಯತ್ಯಾಸ ಕೊನೆಗೆ ಪಥವನ್ನೇ ಬದಲಿಸಬಲ್ಲದು. ಹವಾಮಾನ ಮುನ್ಸೂಚನೆ ಏಕೆ ಕಷ್ಟವೆಂಬುದನ್ನು 1908ರ ಗ್ರಂಥದಲ್ಲಿ ಆತ ಇದರಿಂದಲೇ ವಿವರಿಸಿದ.

ಲೋಕ ಅದಕ್ಕೆ ಹೆಚ್ಚಾಗಿ ಕಿವಿಗೊಡಲಿಲ್ಲ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್, ಕಂಪ್ಯೂಟರಿಗೆ 0.506127ರ ಬದಲು 0.506 ಎಂದು ಕೊಟ್ಟು ಲೆಕ್ಕವನ್ನು ಮತ್ತೆ ನಡೆಸಿದಾಗ, ಕೆಲಕಾಲದ ಬಳಿಕ ಬೇರೆಯೇ ಹವಾಮಾನ ಮೂಡಿತು. ‘ಕೇಯಾಸ್’ ಎಂಬ ಹೆಸರು ಬಂದದ್ದು ಅದಕ್ಕೂ ಮುಂದೆ, 1975ರಲ್ಲಿ.

ಗ್ರಹಣದ ಲೆಕ್ಕಕ್ಕೆ ಇದರಿಂದ ಧಕ್ಕೆಯಿಲ್ಲ; ಶತಮಾನಗಳ ಅವಧಿ ಇಲ್ಲಿ ಅಲ್ಪವೇ. ಆದರೆ ದೊರೆಯ ಸ್ಪರ್ಧೆಗೆ ನೂರು ವರ್ಷ ತುಂಬಿದ 1989ರಲ್ಲಿ, ಸೂರ್ಯನ ಸಮೀಪದ ಗ್ರಹಗಳ ಚಲನೆಯೂ ಇಂಥದ್ದೇ ಎಂದು ಫ್ರಾನ್ಸಿನ ಜಾಕ್ ಲಾಸ್ಕರ್ ತೋರಿಸಿದರು. ಇಂದು ಭೂಮಿಯ ಸ್ಥಾನವನ್ನು ಗುರುತಿಸುವಲ್ಲಿ 15 ಮೀಟರ್ ತಪ್ಪಿದರೆ, ಅವರ ಲೆಕ್ಕದಂತೆ, 10 ಕೋಟಿ ವರ್ಷಗಳ ನಂತರ ಆ ತಪ್ಪು ಭೂಮಿಗೂ ಸೂರ್ಯನಿಗೂ ಇರುವ 15 ಕೋಟಿ ಕಿಲೋಮೀಟರಿನಷ್ಟು ಬೆಳೆದಿರುತ್ತದೆ.