ಗುಣಬಂಧದ ನಾವೆ: ಕಪಿಲೆಯ ಹರಿಗೋಲೂ ಕಾರವಾರದ ಕೌಂಡಿನ್ಯವೂ

ಕಪಿಲಾನದಿಯು ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು, ನಂಜನಗೂಡನ್ನು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಸಂಗಮಿಸುವುದು ಸರ್ವವಿದಿತವಾದ ಸಂಗತಿ. ಈ ನದಿಗೆ ಬೀಚನಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣವಾಯಿತು. ಅದರ ಹಿನ್ನೀರಿಗೆ ಸಂದ ನೆಲದಲ್ಲಿ ಕಿತ್ತೂರೂ ಒಂದು. ಪುನ್ನಾಟದ ಅರಸರ ರಾಜಧಾನಿಯಾದ ಕೀರ್ತಿಪುರವು ಇದೇ ಎಂದು ಶಾಸನಜ್ಞರು ನಿರ್ಣಯಿಸಿರುವರು. ಕ್ರಿ. ಶ. 2ನೆಯ ಶತಮಾನದ ಟಾಲೆಮಿಯು ತನ್ನ ಭೂಗೋಳದಲ್ಲಿ ಪುನ್ನಾಟವನ್ನು ವೈಡೂರ್ಯ ದೊರೆಯುವ ಸ್ಥಳವೆಂದು ಹೆಸರಿಸಿದ್ದಾನೆ. ಯವನರ ಹಡಗುಗಳಿಗೆ ಸೇರಿದ ಆ ರತ್ನವು ಮೊದಲು ಏರಿದ ನಾವೆಯು ಕಪಿಲೆಯ ಹರಿಗೋಲೇ ಆಗಿದ್ದಿರಬಹುದೆಂದು ಊಹಿಸಿದರೆ ತಪ್ಪಾಗದು.

ಹರಿಗೋಲೆಂಬ ಮಾತು ತಮಿಳಿನ ಪರಿಸಲ್ ಎಂಬುದರ ನಂಟುಳ್ಳದ್ದು; ಪಡಗು ಹಡಗಾದಂತೆ ಇಲ್ಲಿಯೂ ಆದಿಯ ಪಕಾರವು ಹಕಾರವಾಗಿದೆ. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು, ಅಂಚನ್ನು ಕಟ್ಟಿ, ಹೊರಮೈಗೆ ತೊಗಲನ್ನು ಬಿಗಿದರೆ ಹರಿಗೋಲು ಸಿದ್ಧವಾಯಿತು. ಅದರಲ್ಲಿ ಒಂದು ಮೊಳೆಯೂ ಇಲ್ಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಡೊಮಿಂಗೊ ಪಾಯೆಸನು ಇದನ್ನು ಕಂಡು, ಹದಿನೈದಿಪ್ಪತ್ತು ಜನರನ್ನು ಹೊರುವುದೆಂದೂ, ನೆಟ್ಟಗೆ ಸಾಗಲರಿಯದೆ ಸುತ್ತುತ್ತಲೇ ಇರುವುದೆಂದೂ, ಈ ರಾಜ್ಯದ ಹೊಳೆಗಳಲ್ಲಿ ಇದಲ್ಲದೆ ಬೇರೆ ದೋಣಿಯಿಲ್ಲವೆಂದೂ ಬರೆದಿದ್ದಾನೆ. ಕಡೆಯ ಮಾತು ಕರಾವಳಿಗೆ ಸಲ್ಲತಕ್ಕದ್ದಲ್ಲ. ಈಚೆಗೆ ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ಕಿನ ಹಾಳೆಯೂ ಡಾಂಬರೂ ಬಂದಿವೆ. ಕಪಿಲೆಯ ಹಿನ್ನೀರಿನಲ್ಲಿ ಹರಿಗೋಲು ಪ್ರವಾಸಿಗಳನ್ನು ಹೊರುತ್ತಿದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹೊದಿಕೆ ಹರಿದರೆ ತೇಪೆ, ಕೊಳೆತರೆ ಹೊಸ ಹೊದಿಕೆ. ಬಿದಿರು ಮುರಿದರೆ ಆ ಸೀಳನ್ನು ಕಿತ್ತು ಬೇರೊಂದನ್ನು ಸೇರಿಸುವುದು. ಹೀಗೆ ಕೆಲವು ವರ್ಷಗಳಲ್ಲಿ ಮೊದಲಿನ ದ್ರವ್ಯವು ಒಂದಿಷ್ಟೂ ಉಳಿಯದೆ ಹೋಗಬಹುದು. ಪಾಯೆಸನು ಕಂಡ ಹರಿಗೋಲು ಯಾವ ವಸ್ತುಸಂಗ್ರಹಾಲಯದಲ್ಲಿಯೂ ಸಿಕ್ಕಲಾರದು. ಆದರೆ ಅವನು ವರ್ಣಿಸಿದ ರೂಪ ಇಂದಿಗೂ ನೀರಮೇಲಿದೆ. ಕಟ್ಟಿ ಮಾಡಿದ ನಾವೆಯು ಬಾಳುವುದು ಬಿಚ್ಚಿ ಮತ್ತೆ ಕಟ್ಟುವುದರಿಂದ. ಮರದ ಹಾಯಿಹಡಗುಗಳ ಜೀರ್ಣೋದ್ಧಾರವನ್ನು ಕುರಿತು ವಿಚಾರಮಾಡುವವರು ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಏತಕ್ಕೆಂದರೆ ಹೊಳೆಯ ಹರಿಗೋಲಿಗೆ ಸಲ್ಲುವ ಈ ನ್ಯಾಯವೇ ಕಡಲಿನ ದೊಡ್ಡ ಹಡಗುಗಳಿಗೂ ಒಂದು ಕಾಲದಲ್ಲಿ ಸಲ್ಲುತ್ತಿದ್ದಿತು.

ಭೋಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವೆಂಬ ಸಂಸ್ಕೃತಗ್ರಂಥದಲ್ಲಿ ನೌಕಾಪ್ರಕರಣವೊಂದಿದೆ. ರಾಧಾಕುಮುದ ಮುಖರ್ಜಿಯವರು 1912ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಇತಿಹಾಸದಿಂದ ಇದು ವಿದ್ವಾಂಸರ ಗಮನಕ್ಕೆ ಬಂದಿತು. ಮರಗಳನ್ನು ಲಘು, ಗುರು, ಮೃದು, ಕಠಿನವೆಂಬ ಗುಣಗಳಿಂದ ನಾಲ್ಕು ಜಾತಿಯಾಗಿ ವಿಂಗಡಿಸಿ, ಎರಡು ಜಾತಿಯ ಮರಗಳನ್ನು ಕಲಸಿ ಕಟ್ಟಿದ ನಾವೆಯನ್ನು ಗ್ರಂಥಕಾರನು ನಿಂದಿಸುತ್ತಾನೆ. ಅನಂತರ ಸಮುದ್ರಕ್ಕೆ ಹೋಗುವ ನಾವೆಗೆ ಲೋಹಬಂಧವು ಕೂಡದು, ಗುಣಬಂಧವೇ ಯೋಗ್ಯವೆನ್ನುತ್ತಾನೆ. ಇಲ್ಲಿ ಗುಣವೆಂದರೆ ಹಗ್ಗ. ಕಾರಣವನ್ನೂ ಹೇಳಿದ್ದಾನೆ: ಕಡಲಿನ ಅಯಸ್ಕಾಂತಶಿಲೆಗಳು ಕಬ್ಬಿಣವನ್ನು ಸೆಳೆದು ನಾವೆಯನ್ನು ಕೆಡಿಸುವುವೆಂದು. ಕಾರಣವು ಕಟ್ಟುಕಥೆ, ವಿಧಿಯು ಮಾತ್ರ ಅನುಭವಸಿದ್ಧ. ಉಪ್ಪುನೀರಿನಲ್ಲಿ ಕಬ್ಬಿಣದ ಮೊಳೆ ತುಕ್ಕುಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಶಾಸ್ತ್ರಕಾರನು ಬಡಗಿಯ ರೂಢಿಯನ್ನು ಕಂಡು, ಅದಕ್ಕೆ ತನಗೆ ತೋಚಿದ ಹೇತುವನ್ನು ಹಚ್ಚಿದನೆಂದು ತೋರುತ್ತದೆ.

ನಿಜವಾದ ಹೇತುವನ್ನು ತಿಳಿಸಿದವನು ಇಬ್ನ್ ಬತೂತನು. ಹಿಂದೂದೇಶದ ಮತ್ತು ಯೆಮನಿನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವರೆಂದೂ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುವುದೆಂದೂ, ಹೊಲಿದದ್ದು ಬಳುಕಿ ಉಳಿಯುವುದೆಂದೂ ಅವನ ಅಭಿಪ್ರಾಯ. ಇವನು 1340ರ ದಶಕದಲ್ಲಿ ಹೊನ್ನಾವರದಲ್ಲಿ ಜಮಾಲುದ್ದೀನನ ಆಶ್ರಯದಲ್ಲಿದ್ದು, ಗೋವೆಯ ಮೇಲೆ ದಂಡೆತ್ತಿಹೋದ 52 ಹಡಗುಗಳ ಪಡೆಯೊಡನೆ ತಾನೂ ಹೋದವನು. ಆದುದರಿಂದ ಇವನ ಮಾತಿಗೆ ತೂಕವುಂಟು. ಇವನಿಗಿಂತ ಹಿಂದೆ ಹುರ್ಮುಜಿನಲ್ಲಿ ಇಂತಹ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಅವು ಬಲು ಕೆಟ್ಟವೆಂದು ಹಳಿದನು. ಮೊಳೆಗೆ ಒಗ್ಗಿದ ಕಣ್ಣಿಗೆ ಹುರಿಯು ಬಡತನದ ಗುರುತಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಪೋರ್ತುಗೀಸರ ಆಗಮನದ ಮೇಲೆ ದೊಡ್ಡ ಹಡಗುಗಳಲ್ಲಿ ಮೊಳೆಯ ಕೆಲಸವೇ ಮೇಲುಗೈಯಾಯಿತು. ಟಿಪ್ಪು ಸುಲ್ತಾನನು 1796ರಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸಲು ಹೊರಟಾಗ ಮಂಗಳೂರು, ಸದಾಶಿವಗಡ ಮೊದಲಾದೆಡೆಗಳಲ್ಲಿ ಕಾರ್ಖಾನೆಗಳನ್ನು ಏರ್ಪಡಿಸಿ, ತಳಕ್ಕೆ ತಾಮ್ರದ ತಗಡನ್ನು ವಿಧಿಸಿದನು. 1799ರಲ್ಲಿ ಆ ಯೋಜನೆಯು ಅವನೊಡನೆ ಮುಗಿಯಿತು. ಹೊಲಿಗೆಯ ವಿದ್ಯೆ ಕೇರಳ, ಲಕ್ಷದ್ವೀಪ ಮುಂತಾದ ಕಡೆಗಳಲ್ಲಿ ಸಣ್ಣ ದೋಣಿಗಳನ್ನು ಆಶ್ರಯಿಸಿ ಉಳಿದುಕೊಂಡಿತು.

ಸದಾಶಿವಗಡಕ್ಕೆ ಎದುರಾಗಿ, ಕಾಳೀನದಿಯ ಈಚೆ ದಡದಲ್ಲಿ ಕಾರವಾರವಿದೆ. ಅಲ್ಲಿಯ ನೌಕಾನೆಲೆಯಲ್ಲಿ 21 ಮೇ 2025ರಂದು ಕೌಂಡಿನ್ಯವೆಂಬ ಹೊಲಿದ ಹಾಯಿಹಡಗನ್ನು ಭಾರತೀಯ ನೌಕಾಪಡೆಗೆ ಸೇರಿಸಿಕೊಂಡರು. ಫುನಾನ್ ದೇಶಕ್ಕೆ ಕಡಲು ದಾಟಿಹೋದನೆಂಬ ಕೌಂಡಿನ್ಯನ ಹೆಸರು ಇದಕ್ಕೆ ಬಂದಿದೆ, ಅವನು ನಾಗಕನ್ಯೆ ಸೋಮೆಯನ್ನು ವರಿಸಿದ ಕಥೆ ಚಂಪಾದೇಶದ ಮೀಸೋನ್ ಶಾಸನದಲ್ಲಿ (ಕ್ರಿ. ಶ. 658) ಕಾಣುತ್ತದೆ. ಹಡಗಿನ ಹಾಯಿಗಳಲ್ಲಿ ಗಂಡಭೇರುಂಡವೂ ಸೂರ್ಯನೂ ಚಿತ್ರಿತವಾಗಿರುವುದು ಕನ್ನಡಿಗರಿಗೆ ವಿಶೇಷವಾಗಿ ಸಂತೋಷಕರ.

ಇದನ್ನು ಕಟ್ಟಿದ ಬಗೆಯು ಪಂಡಿತರು ಆಲೋಚಿಸತಕ್ಕದ್ದು. ಸಂಜೀವ ಸಾನ್ಯಾಲರ ಸೂಚನೆಯಂತೆ 2023ರ ಜುಲೈಯಲ್ಲಿ ಸಂಸ್ಕೃತಿ ಮಂತ್ರಾಲಯ, ನೌಕಾಪಡೆ, ಗೋವೆಯ ಹೋಡಿ ಇನ್ನೊವೇಷನ್ಸ್ ಸಂಸ್ಥೆ ಈ ಮೂವರೊಳಗೆ ಒಡಂಬಡಿಕೆಯಾಗಿ, ಅದೇ ಸೆಪ್ಟೆಂಬರಿನಲ್ಲಿ ಅಡಿಮರವನ್ನಿಟ್ಟರು. ಎದುರಿಗಿದ್ದ ಆಧಾರವು ಅಜಂತೆಯ 5ನೆಯ ಶತಮಾನದ ಚಿತ್ರ. ನಕ್ಷೆಯೂ ಇಲ್ಲ, ಹಳೆಯ ಒಡಲೂ ಇಲ್ಲ. ರೂಪವನ್ನು ಚಿತ್ರದಿಂದ ಊಹಿಸಿ, ಮದರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನು ನೀರಿಗಿಟ್ಟು ಪರೀಕ್ಷಿಸಿದರು. ಆದರೆ ಹೊಲಿಗೆಯನ್ನು ಚಿತ್ರವೂ ತಿಳಿಸದು, ಭೋಜನೂ ತಿಳಿಸನು. ಗುಣಬಂಧವೆಂಬ ಶಬ್ದದೊಳಗೆ ಹುರಿಯನ್ನು ಎಷ್ಟು ಎಳೆಯಬೇಕೆಂಬುದು ಅಡಗಿಲ್ಲ. ಅದನ್ನು ಬಲ್ಲವರು ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಬಂದ ಕೇರಳದ ಕುಶಲಿಗಳು. ಆವಿಗೆ ಬಾಗಿಸಿದ ಹಲಗೆಗಳನ್ನು ಅಂಚಿಗಂಚು ಕೂಡಿಸಿ, ತೂತು ಕೊರೆದು, ಸಂದಿನುದ್ದಕ್ಕೂ ನಾರಿನ ಸುರುಳಿಯನ್ನಿಟ್ಟು, ಅದರ ಮೇಲೆ ಹುರಿಯನ್ನು ಹಾಯಿಸಿ ಬಿಗಿದು, ರಾಳದಿಂದ ಮುಚ್ಚಿದವರು ಅವರು. ಪ್ರಾಚೀನ ನೌಕಾವಿದ್ಯೆಗೆ ಗ್ರಂಥವೇ ಮುಖ್ಯ ಪ್ರಮಾಣವೆಂಬ ಮತವು ಇಲ್ಲಿ ನಿಲ್ಲಲಾರದು. ಪ್ರಯೋಗದಲ್ಲಿ ಕೈಯೇ ಮೂಲ, ಶ್ಲೋಕವು ಟಿಪ್ಪಣಿ.

ಆದರೂ ಶಬ್ದಗಳಿಗೆ ಈ ಹಡಗಿನಿಂದ ಲಾಭವುಂಟು. ಚುಕ್ಕಾಣಿಯು ಅರಬ್ಬಿಯಿಂದಲೂ ಲಂಗರು ಪಾರಸಿಯಿಂದಲೂ ನಮ್ಮ ಭಾಷೆಗೆ ಬಂದವು. ಕೌಂಡಿನ್ಯಕ್ಕೆ ಈಗಿನ ಬಗೆಯ ಚುಕ್ಕಾಣಿಯಿಲ್ಲ. ಹಿಂಭಾಗದ ಪಕ್ಕಗಳಲ್ಲಿ ದೊಡ್ಡ ಹುಟ್ಟುಗಳನ್ನಿಟ್ಟು ಅದನ್ನು ತಿರುಗಿಸುವರು. ಕರ್ಣಧಾರನೆಂಬಲ್ಲಿ ನಾವೆಯನ್ನು ತಿರುಗಿಸುವ ಸಾಧನಕ್ಕೆ ಕಿವಿಯ ಹೆಸರೇಕೆ ಬಂದಿತೆಂಬುದು ಇಂತಹ ಹಡಗನ್ನು ಹಿಂದಿನಿಂದ ನೋಡಿದವರಿಗೆ ಸುಲಭವಾಗಿ ಹೊಳೆದೀತು.

ಇನ್ನು ರಕ್ಷಣೆಯ ಮಾತು. ದೇವಾಲಯದ ಜೀರ್ಣೋದ್ಧಾರವನ್ನು ಕಲ್ಲು ಸಡಿಲಿದಾಗ ಮಾಡಬಹುದು. ಹೊಲಿದ ಹಡಗು ಅಷ್ಟು ಕಾಲ ಕಾಯದು. ತೆಂಗಿನ ಹುರಿಗೆ ಉಪ್ಪುನೀರು ಹಿತ, ಮಳೆಯ ನೀರು ಅಹಿತ. ದಡದಮೇಲೆ ಬಹುದಿನ ಇಟ್ಟರೆ ಹಲಗೆ ಒಣಗಿ ಸಂದು ಬಿಡುವುದು; ನೀರಿನಲ್ಲಿಯೇ ಬಿಟ್ಟರೆ ಹಡಗುಹುಳು ಮರವನ್ನು ಕೊರೆಯುವುದು. ಅದಕ್ಕಾಗಿ ಪಶ್ಚಿಮ ಕರಾವಳಿಯವರು ಮಳೆಗಾಲದಲ್ಲಿ ನಾವೆಗಳನ್ನು ದಡಕ್ಕೆಳೆದು, ಚಪ್ಪರ ಹಾಕಿ, ತಳವನ್ನು ಕೆರೆದು, ಸುಣ್ಣವನ್ನೂ ಕೊಬ್ಬನ್ನೂ ಬೆರಸಿ ಬಳಿದು, ಮೀನೆಣ್ಣೆಯನ್ನು ಸವರುತ್ತಿದ್ದರು. ಹುರಿ ಸವೆದಾಗ ಬಿಚ್ಚಿ ಹೊಸದಾಗಿ ಹೊಲಿಯುತ್ತಿದ್ದರು. ಒಮಾನಿನವರು ಕಟ್ಟಿಸಿದ ಮಸ್ಕತ್ತಿನ ರತ್ನವೆಂಬ ಹೊಲಿದ ಹಡಗು 2010ರಲ್ಲಿ ಸಿಂಗಪುರಕ್ಕೆ ಸಾಗಿ, ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ನಿಂತಿತು. ಹಾಗೆ ನಿಂತ ಹಡಗಿಗೆ ಮತ್ತೆ ಹೊಲಿಗೆ ಬೇಡ, ಹೊಲಿಯುವವನೂ ಬೇಡ. ಕೌಂಡಿನ್ಯವು 29 ಡಿಸೆಂಬರ್ 2025ರಂದು ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಮಸ್ಕತ್ತನ್ನು ಸೇರಿತು. ಓಡಾಡುವ ಹಡಗಿನ ಹುರಿ ಸವೆಯುವುದು ನಿಶ್ಚಯ. ಅದನ್ನು ಬಿಚ್ಚುವ ಕಾಲಕ್ಕೆ ಕೇರಳದ ಆ ಕುಶಲಿಗಳ ಜತೆಯಲ್ಲಿ ಕಾರವಾರ, ಹೊನ್ನಾವರಗಳ ಬಡಗಿಗಳ ಮಕ್ಕಳೂ ಕುಳಿತು ಹುರಿಯೆಳೆಯುವುದನ್ನು ಕಲಿಯುವ ಏರ್ಪಾಟು ಈಗಲೇ ಆಗಬೇಕು; ಆ ಕೆಲಸದ ಮಾತುಗಳನ್ನು ಕನ್ನಡದಲ್ಲಿ ಬರೆದಿಡುವುದು ವಿದ್ವಾಂಸರ ಪಾಲಿನ ಕೆಲಸ.