ಕಾಂಡ್ಲಾ ಗಿಡದ ಉಸಿರು: ಒಂದು ಶೋಧದ ಇತಿಹಾಸ

ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಕಡಲನ್ನು ಸೇರುವ ಕುಂದಾಪುರದ ಪಂಚಗಂಗಾವಳಿಯಲ್ಲಿಯೂ ಬ್ರಹ್ಮಾವರ ಸೀಮೆಯ ಸೀತಾ-ಸ್ವರ್ಣಾ ನದಿಗಳ ಅಳಿವೆಯಲ್ಲಿಯೂ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರಗಿಡಗಳಿಗೆ ಜನರು ಕಾಂಡ್ಲಾ ಎನ್ನುತ್ತಾರೆ. ಇದನ್ನು ಹೋಲುವ 'ಕಂಡೆಲ್' ಎಂಬ ಮಲಯಾಳದ ಹೆಸರನ್ನು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ 'ಹೋರ್ಟುಸ್ ಮಲಬಾರಿಕುಸ್' ಗ್ರಂಥದಲ್ಲಿ ಕಾಣಬಹುದು. 'ಕಂಡೇಲಿಯ' ಎಂಬ ಶಾಸ್ತ್ರೀಯನಾಮಕ್ಕೆ ಅದೇ ಮೂಲ. ಹೆಸರು ಹೀಗೆ ಪಶ್ಚಿಮದೇಶಗಳಿಗೆ ತಲುಪಿದರೂ ಈ ಗಿಡಗಳ ಉಸಿರಾಟದ ಮರ್ಮ ತಿಳಿಯಲು ಬಹುಕಾಲ ಹಿಡಿಯಿತು.

1771ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿಯು, ಉರಿದು ನಂದಿದ ಮೋಂಬತ್ತಿಯಿಂದ ಕೆಟ್ಟ ಗಾಳಿಯು ಪುದೀನದ ಕುಡಿಯಿಂದ ಮತ್ತೆ ಶುದ್ಧವಾಗುವುದನ್ನು ಕಂಡನು. 1779ರಲ್ಲಿ ಇಂಗೆನ್‌ಹೌಸನು, ಈ ಕಾರ್ಯವು ಹಸುರು ಭಾಗಗಳಲ್ಲಿ, ಬಿಸಿಲಿದ್ದಾಗ ಮಾತ್ರ ನಡೆಯುವುದೆಂದೂ ಬೇರುಗಳು ಪ್ರಾಣಿಗಳಂತೆಯೇ ಗಾಳಿಯನ್ನು ಕೆಡಿಸುವುವೆಂದೂ ತೋರಿಸಿದನು. ಲವಾಸಿಯೆ ಮತ್ತು ಲಾಪ್ಲಾಸರು 1782-83ರ ಚಳಿಗಾಲದ ಪ್ರಯೋಗಗಳಿಂದ ಪ್ರಾಣಿಗಳ ಉಸಿರಾಟವು ಒಂದು ನಿಧಾನವಾದ ದಹನವೆಂದು ನಿರ್ಣಯಿಸಿದರು. ನಾವು ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕವು ಶೇಕಡಾ 21ರಷ್ಟಿದ್ದರೆ ಹೊರಬಿಡುವ ಉಸಿರಿನಲ್ಲಿ ಸುಮಾರು 16 ಉಳಿದಿರುತ್ತದೆ. ಸಸ್ಯವು ಆಮ್ಲಜನಕವನ್ನು ಕೊಡುತ್ತದೆ, ಮನುಷ್ಯನು ಕೊಳ್ಳುತ್ತಾನೆ ಎಂಬ ಪಾಠಶಾಲೆಯ ಮಾತು ಆದಕಾರಣ ಅರ್ಧಸತ್ಯ. ಸಸ್ಯವೂ ಹಗಲಿರುಳು ಆಮ್ಲಜನಕವನ್ನು ಬಳಸುತ್ತದೆ.

ಹಾಗಾದರೆ ಗಾಳಿಯಾಡದ ಕೆಸರಿನಲ್ಲಿ ಹುದುಗಿದ ಬೇರು ಉಸಿರಾಡುವುದೆಂತು? 1955ರಲ್ಲಿ ಷೋಲಾಂಡರ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಅಳತೆಮಾಡಿ ತಿಳಿಸಿದರು. ಅವರು ಪರೀಕ್ಷಿಸಿದುವು ಅಮೆರಿಕದ ತೀರದ ಜಾತಿಗಳಾದರೂ ನಮ್ಮ ಅಳಿವೆಗಳಲ್ಲಿಯೂ ಇರುವ ರೈಜೋಫೊರ, ಅವಿಸೆನ್ನಿಯ ಕುಲಗಳಿಗೇ ಸೇರಿದುವು. ಊರುಗೋಲಿನಂತಹ ಬೇರುಗಳ ಮೇಲಿನ ಸೂಕ್ಷ್ಮರಂಧ್ರಗಳನ್ನು ಜಿಡ್ಡಿನಿಂದ ಮುಚ್ಚಿದಾಗ, ಕೆಸರಿನೊಳಗಿನ ಬೇರಿನಲ್ಲಿ ಶೇಕಡಾ 15-18ರಷ್ಟಿದ್ದ ಆಮ್ಲಜನಕವು ಎರಡು ದಿನಗಳಲ್ಲಿ 2ಕ್ಕಿಳಿಯಿತು. ಅವಿಸೆನ್ನಿಯದಲ್ಲಿ ಭರತದ ನೀರು ಬೇರುಗಳನ್ನು ಮುಳುಗಿಸಿದಾಗ ಒಳಗಿನ ಒತ್ತಡ ತಗ್ಗುತ್ತದೆ. ಇಳಿತವಾದೊಡನೆ ಗಾಳಿಯು ಒಳನುಗ್ಗುತ್ತದೆ. ನಮ್ಮ ಎದೆಗೂಡು ಹಿಗ್ಗಿದಾಗ ಶ್ವಾಸಕೋಶಗಳಿಗೆ ಗಾಳಿ ಬರುವುದೂ ಒತ್ತಡದ ಈ ವ್ಯತ್ಯಾಸದಿಂದಲೇ. ಒಂದಕ್ಕೆ ಸ್ನಾಯುವಿನ ಬಲ, ಇನ್ನೊಂದಕ್ಕೆ ಕಡಲಿನ ಏರಿಳಿತ.

ಈ ಇತಿಹಾಸವು ಕೇವಲ ವಿದ್ವತ್ತಿನ ವಿಷಯವಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹೊಳೆಗಳಲ್ಲಿ ಕಟ್ಟೆ ಹಾಕಿ ನೀರನ್ನು ನಿಲ್ಲಿಸಿದರೆ, ಇಲ್ಲವೆ ಹೂಳು ಸುರಿದು ಬೇರುಗಳನ್ನು ಮುಚ್ಚಿದರೆ, ಕೊಡಲಿ ತಾಗದೆಯೇ ಮರವು ಉಸಿರುಕಟ್ಟಿ ಸಾಯುವುದು. ಕಾಂಡ್ಲಾವನವನ್ನು ಉಳಿಸುವುದೆಂದರೆ ಮೊದಲು ಭರತ-ಇಳಿತಗಳ ದಾರಿಯನ್ನು ತೆರೆದಿಡುವುದೆಂದು ತಿಳಿಯಬೇಕು.