ಆದವಾನಿ ಸೀಮೆಗೆ ಮನ್ರೋ ಬಂದ ಕಡಲ ಹಾದಿ

ಮಂತ್ರಾಲಯದ ಬೃಂದಾವನದಲ್ಲಿ ರಾಯರು ಥಾಮಸ್ ಮನ್ರೋ ಸಾಹೇಬನೊಡನೆ ಮಾತಾಡಿದರೆಂಬ ಕಥೆ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆ ಸಾಹೇಬನನ್ನು ಇಲ್ಲಿಗೆ ತಂದದ್ದು ಅಮೆರಿಕದ ಒಂದು ಬಂಡಾಯ ಎಂಬುದನ್ನು ಕೇಳಿದವರು ಕಡಿಮೆ.

ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ. ತಂದೆಯ ವ್ಯಾಪಾರ ಅಮೆರಿಕದ ವರ್ಜೀನಿಯಾದೊಡನೆ. ಅಲ್ಲಿ ಇಂಗ್ಲಿಷ್ ವಲಸಿಗರು ಮೂಲನಿವಾಸಿಗಳ ನೆಲದಲ್ಲಿ ನೆಲೆಯೂರಿ, ಆಫ್ರಿಕದಿಂದ ತಂದ ಗುಲಾಮರ ದುಡಿಮೆಯಿಂದ ಹೊಗೆಸೊಪ್ಪು ಬೆಳೆಸುತ್ತಿದ್ದರು. 1775ರಲ್ಲಿ ಆ ವಲಸಿಗರೇ ಬ್ರಿಟನ್ನಿನ ವಿರುದ್ಧ ಯುದ್ಧಕ್ಕೆ ನಿಂತರು. ಗ್ಲಾಸ್ಗೋದ ಹೊಗೆಸೊಪ್ಪಿನ ವ್ಯಾಪಾರ ಕುಸಿಯಿತು, ಮನ್ರೋ ಮನೆತನ ದಿವಾಳಿಯಾಯಿತು. ಬೇರೆ ದಾರಿಯಿಲ್ಲದೆ ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿದ. ತಿಂಗಳುಗಟ್ಟಲೆ ಕಡಲಲ್ಲಿ ಕಳೆದು 1780ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಳಿದ.

1800ರಲ್ಲಿ ನಿಜಾಮ ತನ್ನ ರಕ್ಷಣೆಗಿದ್ದ ಕಂಪನಿ ಸೈನ್ಯದ ಖರ್ಚಿಗಾಗಿ ಆದವಾನಿ, ಬಳ್ಳಾರಿ, ಕಡಪ ಸೀಮೆಗಳನ್ನು ಬಿಟ್ಟುಕೊಟ್ಟ. ದತ್ತ ಮಂಡಲ ಎಂದರೆ ಇದೇ. ಮನ್ರೋ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರ್. ಜನ ತಲೆಬಾಗಿ ಒಪ್ಪಿಕೊಂಡರು ಅಂದುಕೊಳ್ಳಬೇಡಿ. 1801ರಲ್ಲಿ ತೆರ್ನೇಕಲ್ಲಿನವರು ಕಂಪನಿ ಸೈನ್ಯಕ್ಕೇ ಎದುರು ನಿಂತರು.

ವರ್ಜೀನಿಯಾದಂತೆ ಇಲ್ಲಿ ಬಿಳಿಯರ ಹೊಲ-ತೋಟಗಳ ಸಮಾಜ ಬೆಳೆಯಲಿಲ್ಲ. 1833ರವರೆಗೆ ಯುರೋಪಿಯನ್ನರು ಭಾರತದಲ್ಲಿ ನೆಲೆಸಲು ಕಂಪನಿಯ ಪರವಾನಗಿ ಬೇಕಿತ್ತು. ನೆಲ ನಮ್ಮವರ ಕೈಯಲ್ಲೇ ಉಳಿಯಿತು, ಕಂದಾಯ ಕಡಲು ದಾಟಿತು. ಹೊಲ ಹೊಲವನ್ನೂ ಅಳೆದು ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಮನ್ರೋ ಇಲ್ಲಿ ಗಟ್ಟಿಗೊಳಿಸಿದ. ನಡುವಿನ ಜಮೀನ್ದಾರ ತಪ್ಪಿದ್ದು ನಿಜ. ಆದರೆ ಮಳೆ ಕೈಕೊಟ್ಟ ವರ್ಷ ಸರ್ಕಾರದ ಎದುರು ರೈತ ಒಬ್ಬಂಟಿಯಾದ. ಬರಗಾಲದ ಸೀಮೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಮದ್ರಾಸಿನ ಗವರ್ನರ್ ಆದ ಮನ್ರೋ ಊರಿಗೆ ಮರಳುವ ಮುನ್ನ ಹಳೆಯ ಸೀಮೆ ನೋಡಲು ಬಂದು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಅವನ ನೆನಪಿಗೆ ಸರ್ಕಾರ ಅಲ್ಲಿ ತೋಪು ಬೆಳೆಸಿ, ಕಲ್ಲಿನ ಮೆಟ್ಟಿಲ ಬಾವಿ ಕಟ್ಟಿಸಿತು.

ಅಮೆರಿಕದ ನಂಟು ಅಲ್ಲಿಗೇ ಮುಗಿಯಲಿಲ್ಲ. 1861ರಿಂದ 65ರವರೆಗೆ ಅಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ, ನಮ್ಮ ಎರೆಭೂಮಿಯ ಹತ್ತಿಗೂ ಬೆಲೆ ಏರಿತು. ಯುದ್ಧ ಮುಗಿದ ಮೇಲೆ ಇಳಿಯಿತು.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಆದ್ದರಿಂದ ಆದವಾನಿಯ ಹಳೆಯ ಕಂದಾಯದ ಕಥೆ ಹುಡುಕುವ ಸದಸ್ಯರು ಮೊದಲು ತೆರೆಯಬೇಕಾದ್ದು ಕರ್ನೂಲಿನದಲ್ಲ, ಹಳೆಯ ಬಳ್ಳಾರಿ ಜಿಲ್ಲಾ ಗೆಜೆಟಿಯರ್.